ಹೊಂಗೆಮರದ ಉಲಿಯಕ್ಕಿ ಮತ್ತು ಮೊದಲೇ ಬರೆದಿಟ್ಟ ಚೀಟಿ

ಕಾಲೇಜಿನ ಕಾಗದಪತ್ರಗಳಲ್ಲಿ ನನ್ನ ಹುದ್ದೆಯ ಹೆಸರು ‘ಮ್ಯೂಸಿಯಂ ಕೀಪರ್’. ಕಾಲೇಜಿನ ಗೇಟು ದಾಟಿದರೆ ನಾನು ‘ಹಕ್ಕಿಗೆ ಹತ್ತಿ ತುಂಬೋ ರಂಗಪ್ಪ’. ಎರಡನೆಯದೇ ಸತ್ಯಕ್ಕೆ ಹತ್ತಿರ. ಹೆಣ್ಣು ನೋಡಲು ಹೋದಾಗ ಮಾವನವರು ಕೆಲಸವೇನೆಂದು ಕೇಳಿದರು. ವಿವರಿಸಿದೆ. ಅವರು, ‘ದಿಂಬಿಗೂ ತುಂಬ್ತೀರಾ?’ ಎಂದರು. ಮದುವೆಯೇನೋ ಆಯಿತು, ಆದರೆ ಆ ಮನೆಯಲ್ಲಿ ಯಾವ ಹಬ್ಬಕ್ಕೂ ನನ್ನ ಕೈಗೆ ಕೋಳಿ ಕೊಡಲಿಲ್ಲ.

ಈಗ ಇಂಥ ಕೆಲಸಕ್ಕೆ ಹೊಸದಾಗಿ ಸೇರುವವರು ಒಬ್ಬಿಬ್ಬರು ಕ್ಯಾತ್ಸಂದ್ರದ ನಮ್ಮ ಮನೆ ಹುಡುಕಿಕೊಂಡು ಬಂದು, ಅನುಭವ ಹೇಳಿ ಸಾರ್ ಎನ್ನುತ್ತಾರೆ. ಅವರಿಗೆ ಬೇಕಾದದ್ದು ಹುಲಿ, ಚಿರತೆ. ನನ್ನ ಮೇಜಿನ ಮೇಲೆ ಹುಲಿ ಮಲಗಿದ್ದೇ ಇಲ್ಲ. ನಾನು ಹೇಳಬೇಕಾದದ್ದು ಮೂರು ಪೋಸ್ಟ್‌ಕಾರ್ಡಿನಷ್ಟು ತೂಗುವ ಒಂದು ಹಕ್ಕಿಯ ವಿಷಯ. ಆ ಹಕ್ಕಿಯನ್ನು ಆರು ಚಳಿಗಾಲ ಬಿಡದೆ ನೋಡಿದ ಗುಬ್ಬಿಯ ಡ್ರಾಯಿಂಗ್ ಮೇಷ್ಟ್ರೊಬ್ಬರ ನಿಜವನ್ನು ನಾನು ಹೇಗೆ ಸುಳ್ಳು ಮಾಡಿದೆ ಎನ್ನುವ ವಿಷಯ. ಅದು ಅರ್ಥವಾಗಬೇಕಾದರೆ ಮೊದಲು ಕೆಲಸದ ರೀತಿ ಗೊತ್ತಿರಬೇಕು.

ಹಕ್ಕಿಯ ಹೊಟ್ಟೆಯ ಮೇಲೆ ಸಣ್ಣ ಗೆರೆ ಕೊಯ್ದು, ಒದ್ದೆ ಅಂಗಿ ಬಿಚ್ಚಿದ ಹಾಗೆ ಚರ್ಮವನ್ನು ಒಳಹೊರಗು ಮಾಡಿ ಬಿಡಿಸಿಕೊಳ್ಳಬೇಕು. ಕಾಲು, ರೆಕ್ಕೆ, ತಲೆಬುರುಡೆ ಚರ್ಮದ ಜೊತೆಗೇ ಉಳಿಯುತ್ತವೆ. ಒಳಗೆ ಹುಳ ಹಿಡಿಯದಂತೆ ಪಾಷಾಣದ ಸೋಪು ಸವರಿ, ಕಡ್ಡಿಗೆ ಹತ್ತಿ ಸುತ್ತಿ ತುಂಬಿ, ಹೊಲಿದು, ಮಲಗಿಸಿ ಒಣಗಿಸಬೇಕು. ರಕ್ತ ಹೀರಲು ಮುಸುಕಿನ ಜೋಳದ ಹಿಟ್ಟು ಉದುರಿಸಿ ಎಂದು ಇಂಗ್ಲಿಷ್ ಪುಸ್ತಕದಲ್ಲಿತ್ತು. ನಮ್ಮ ಕಡೆ ಹಿಟ್ಟು ಎಂದರೆ ಒಂದೇ. ಸೇರಿದ ಹೊಸದರಲ್ಲಿ, ಕುಣಿಗಲ್ ಕೆರೆಯಿಂದ ತಂದ ಬೆಳ್ಳಕ್ಕಿಯ ಮೇಲೆ ಧಾರಾಳವಾಗಿ ರಾಗಿಹಿಟ್ಟು ಉದುರಿಸಿದೆ. ಸಂಜೆಯ ಹೊತ್ತಿಗೆ ಅದು ಬೂದು ಬಣ್ಣಕ್ಕೆ ತಿರುಗಿ ಬೇರೆಯೇ ಜಾತಿಯ ಹಕ್ಕಿಯಾಗಿತ್ತು. ಮಾರನೆಯ ದಿನ ಇರುವೆಗಳು ಸಾಲುಗಟ್ಟಿ ಬಂದು ಆ ಹೊಸ ಜಾತಿಯನ್ನು ಅಳಿಸಿಹಾಕಿದವು.

ಇನ್ನೊಮ್ಮೆ ಕೆಂಬೂತ. ಕೆಂಬೂತದ ಕಣ್ಣು ಕೆಂಡದಷ್ಟು ಕೆಂಪು. ಗಾಜಿನ ಕಣ್ಣು ಬೆಂಗಳೂರಿನಿಂದ ಬರಬೇಕಾಗಿತ್ತು. ಅದು ಬರಲಿಲ್ಲ, ತಪಾಸಣೆಯವರು ಬಂದರು. ಇದ್ದ ಗೊಂಬೆಯ ನೀಲಿ ಕಣ್ಣು ಕೂರಿಸಿಬಿಟ್ಟೆ. ತಪಾಸಣೆಗೆ ಬಂದಿದ್ದ ಹಿರಿಯರು ಅದರ ಮುಂದೆ ಬಹಳ ಹೊತ್ತು ನಿಂತು, ‘ವೆರಿ ರೇರ್’ ಎಂದು ಬರೆದುಕೊಂಡರು. ನಮ್ಮ ಪ್ರೊಫೆಸರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಹಕ್ಕಿ ಅಪರೂಪದ್ದಾಗಿಯೇ ಉಳಿಯಿತು.

ಪ್ರೊಫೆಸರು ಎಂದೆನಲ್ಲ, ಪ್ರಾಣಿಶಾಸ್ತ್ರ ವಿಭಾಗದ ಮುಖ್ಯಸ್ಥರು. ಕಚ್ಚೆಪಂಚೆ, ಮೇಲೆ ಕೋಟು, ಕೋಟಿನ ಜೇಬಿನಲ್ಲಿ ಭೂತಗನ್ನಡಿ. ಕೆಟ್ಟವರಲ್ಲ, ನನಗೆ ಅಕ್ಷರ ತಿದ್ದಿದವರು ಅವರೇ. ಅವರ ಧರ್ಮಶಾಸ್ತ್ರದಲ್ಲಿ ಎರಡೇ ಸೂತ್ರ. ಹಕ್ಕಿ ಬಿದ್ದ ಜಾಗದಲ್ಲೇ ಚೀಟಿ ಬರೆದು ಕಾಲಿಗೆ ಕಟ್ಟಬೇಕು. ಒಮ್ಮೆ ಕಟ್ಟಿದ ಚೀಟಿಯನ್ನು ಬ್ರಹ್ಮ ಬಂದರೂ ತಿದ್ದಬಾರದು. ‘ಚರ್ಮ ಬರೀ ಗರಿ ಕಣೋ ರಂಗಪ್ಪ,’ ಎನ್ನುತ್ತಿದ್ದರು. ‘ಚೀಟಿನೇ ಹಕ್ಕಿ.’

ಚೀಟಿಯಲ್ಲಿ ಊರು, ತಾರೀಖು, ಗಂಡೋ ಹೆಣ್ಣೋ, ಹೊಡೆದವರ ಹೆಸರು. ಕಡೆಯ ಸಾಲು ‘ಸ್ಥಿತಿ’. ಹೊಡೆಯುವಾಗ ಚರ್ಮಕ್ಕೆ ಏನೇನು ಹಾನಿಯಾಯಿತು ಎಂದು ಅಲ್ಲಿ ಬರೆಯಬೇಕು. ಸಣ್ಣ ಹಕ್ಕಿಗಳಿಗೆ ನಾವು ಸಾಸಿವೆಕಾಳಿನಂಥ ಗುಂಡು ತುಂಬಿದ ತೋಟಾ ಬಳಸುತ್ತಿದ್ದೆವು. ಅದು ಹರಡಿಕೊಂಡು ಹೋಗಿ ಕಾಲಿಗೆ ಬಡಿಯದೆ ಇರುತ್ತಿರಲಿಲ್ಲ. ಹತ್ತರಲ್ಲಿ ಒಂಬತ್ತಕ್ಕೆ ಒಂದೇ ವಾಕ್ಯ. ಪೊದೆಯೊಳಗೆ ಕೂತು ರಕ್ತದ ಕೈಯಲ್ಲಿ ಅದನ್ನೇ ಬರೆಯುವುದು ಯಾಕೆಂದು, ನಾನು ಮಧ್ಯಾಹ್ನದ ಟೀ ಹೊತ್ತಿನಲ್ಲಿ ಮುತ್ತಿನಂಥ ಅಕ್ಷರದಲ್ಲಿ ಒಂದು ಕಟ್ಟು ಚೀಟಿಗೆ ‘ಗುಂಡಿನಿಂದ ಕಾಲು ಬೆರಳಿಗೆ ಹಾನಿ’ ಎಂದು ಮೊದಲೇ ಬರೆದಿಟ್ಟುಕೊಳ್ಳುತ್ತಿದ್ದೆ. ಜಾಗದಲ್ಲಿ ಊರು ತಾರೀಖು ತುಂಬಿದರೆ ಆಯಿತು. ಪ್ರೊಫೆಸರು ನನ್ನ ಚೀಟಿಗಳ ಅಂದವನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು. ಅವು ಯಾಕೆ ಅಷ್ಟು ಅಂದವಾಗಿವೆ ಎಂದು ಯಾರೂ ಕೇಳಲಿಲ್ಲ.

ಇನ್ನು ಹಕ್ಕಿ. ಪುಸ್ತಕದ ಕನ್ನಡದಲ್ಲಿ ಇವುಗಳಿಗೆ ಉಲಿಯಕ್ಕಿ ಎನ್ನುತ್ತಾರೆ. ನಮ್ಮ ಜನ ಹೆಸರಿಟ್ಟಿಲ್ಲ, ಏಕೆಂದರೆ ನೋಡಿಯೇ ಇಲ್ಲ. ಗುಬ್ಬಚ್ಚಿಗಿಂತ ಚಿಕ್ಕದು, ತೆಳ್ಳಗೆ. ಬೆನ್ನು ಹಳೆಯ ಎಲೆಯ ಹಸಿರು, ಹೊಟ್ಟೆ ಮಾಸಿದ ಬಿಳಿ. ಕಣ್ಣಿನ ಮೇಲೆ ಹಳದಿ ಬೆರೆತ ಒಂದು ಹುಬ್ಬು, ರೆಕ್ಕೆಯ ಮೇಲೆ ಉಗುರಿನಿಂದ ಗೀರಿದಂಥ ಒಂದು ಬಿಳಿ ಗೆರೆ. ಗರಿ ಸವೆದರೆ ಅದೂ ಇಲ್ಲ. ಇದರ ದಾಯಾದಿಗಳು ನಾಲ್ಕಾರು ಇವೆ. ಎಲ್ಲವೂ ಒಂದೇ ದರ್ಜಿ ಒಂದೇ ತಾನಿನಿಂದ ಹೊಲಿದ ಹಾಗೆ. ಡ್ರಾಯರಿನಲ್ಲಿ ಸಾಲಾಗಿ ಮಲಗಿಸಿದರೆ ಪ್ರೊಫೆಸರು ಭೂತಗನ್ನಡಿ ಹಿಡಿದು ಒಂದೊಂದಕ್ಕೆ ಒಂದೊಂದು ದಿನ ಯೋಚಿಸುತ್ತಿದ್ದರು.

ಜೀವಂತವಾಗಿದ್ದಾಗ ಮಾತ್ರ ಬೇರೆ ಕಥೆ. ಅದಕ್ಕೆ ಕೂತು ಗೊತ್ತಿಲ್ಲ. ಎಲೆಯ ಅಡಿಗೆ ನುಗ್ಗುತ್ತದೆ, ರೆಕ್ಕೆ ಕೊಡವುತ್ತದೆ, ತಲೆಕೆಳಗಾಗಿ ತೂಗಿ ಒಂದು ಹುಳು ಕಿತ್ತು ಮುಂದಿನ ರೆಂಬೆಗೆ ಹೋಗಿರುತ್ತದೆ. ನೋಡುವವನಿಗೆ ಕಾಣುವುದು ಹಕ್ಕಿಯಲ್ಲ, ಗಾಳಿಯಿಲ್ಲದೆ ಅಲ್ಲಾಡುವ ಎಲೆ. ‘ಚಿಸ್ವೀ’ ಎಂದು ಒಂದು ಕೂಗು, ಸೀನು ತಡೆದುಕೊಂಡ ಹಾಗೆ. ಹಿಮಾಲಯದ ಕಾಡುಗಳಲ್ಲಿ, ಅದರಾಚೆಗೂ ಗೂಡು ಕಟ್ಟಿ, ನಮ್ಮಲ್ಲಿ ಮಳೆ ಮುಗಿಯುವ ಹೊತ್ತಿಗೆ ಬಂದು, ಬೇಸಿಗೆ ಬಲಿಯುವ ಹೊತ್ತಿಗೆ ಹೊರಡುತ್ತದೆ. ಇರುವಷ್ಟು ದಿನ ಒಂಟಿ. ಎರಡು ಮೂರು ಮರ ತನ್ನದೆಂದುಕೊಂಡು, ಸ್ವಂತ ಜಾತಿಯವನು ಕಾಲಿಟ್ಟರೆ ಅಟ್ಟಿಸಿಕೊಂಡು ಹೋಗುತ್ತದೆ. ದೇವರಾಯನದುರ್ಗದ ಕಾಡಿನಲ್ಲೂ, ಈಗ ಹೆಲಿಕಾಪ್ಟರ್ ಕಾರ್ಖಾನೆ ಎದ್ದಿರುವ ಬಿದರೆಹಳ್ಳಿ ಕಾವಲಿನ ಕಡೆಯೂ ನಾನು ಇವನ್ನು ಹೊಡೆದಿದ್ದೇನೆ. ಪರವಾನಗಿ ಇದೆ ಎಂದು ಪ್ರೊಫೆಸರು ಹೇಳುತ್ತಿದ್ದರು. ಆ ಕಾಗದವನ್ನು ನಾನು ನೋಡಿದವನಲ್ಲ. ಹಕ್ಕಿಗಳೂ ಕೇಳಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಒಂದು ಡಿಸೆಂಬರಿನಲ್ಲಿ ಗುಬ್ಬಿಯಿಂದ ನಂಜುಂಡಯ್ಯ ಎಂಬ ಡ್ರಾಯಿಂಗ್ ಮೇಷ್ಟ್ರು ಬಂದರು. ತಗಡಿನ ಕೊಳವೆಯಿಂದ ಆರು ಹಾಳೆ ತೆಗೆದು ಪ್ರೊಫೆಸರ ಮೇಜಿನ ಮೇಲೆ ಹರಡಿದರು. ಆರರಲ್ಲೂ ಇದೇ ಉಲಿಯಕ್ಕಿ, ಒಂದು ಚಳಿಗಾಲಕ್ಕೆ ಒಂದು ಚಿತ್ರ. ಆರರಲ್ಲೂ ಎಡಗಾಲಿನ ನಡುಬೆರಳು ಬುಡದಿಂದ ಇಲ್ಲ. ಮಾಳಿಗೆಯ ಮೇಲಿನ ಅವರ ಕ್ಲಾಸಿನ ಕಿಟಕಿಗೆ ಒಂದು ಹೊಂಗೆಮರ ತಗುಲಿಕೊಂಡಿತ್ತಂತೆ. ಅವರ ಹತ್ತಿರ ಹಳೆಯ ಒಂಟಿಕಣ್ಣಿನ ದುರ್ಬೀನೂ ಒಂದಿತ್ತು. ಪ್ರತಿ ವರ್ಷ ದಸರಾ ರಜೆ ಮುಗಿದು ಬಾಗಿಲು ತೆಗೆಯುವ ಹೊತ್ತಿಗೆ ಇದೇ ಹಕ್ಕಿ ಇದೇ ಮರಕ್ಕೆ ಬಂದಿರುತ್ತದೆ ಎಂದು ಅವರ ವಾದ. ಪ್ರತಿ ಹಾಳೆಯ ಕೆಳಗೂ ತಾರೀಖು, ನೋಡಿದ್ದೇನೆ ಎಂದು ಹೆಡ್‌ಮೇಷ್ಟ್ರ ಸೈನು, ಶಾಲೆಯ ಮೊಹರು.

ಜನವರಿಯಲ್ಲಿ ನಮ್ಮ ಕಾಲೇಜಿನಲ್ಲಿ ಜಿಲ್ಲೆಯ ವಿಜ್ಞಾನದ ಮೇಷ್ಟ್ರುಗಳ ಸಭೆ. ಅಲ್ಲಿ ಇದನ್ನು ಓದಬೇಕು, ಇದು ನಿಜ ಎಂದು ಪ್ರೊಫೆಸರು ಒಂದು ಸಾಲು ಬರೆದು ಸೈನು ಹಾಕಿದರೆ ಬೆಂಗಳೂರಿನ ಪತ್ರಿಕೆಯೊಂದು ಅಚ್ಚುಮಾಡುತ್ತದೆ. ಮೇಷ್ಟ್ರು ಕೇಳಿದ್ದು ಇಷ್ಟೇ. ಡಿಗ್ರಿಯಿಲ್ಲದ ಮನುಷ್ಯ. ತಾನು ನೋಡಿದ್ದು ನಿಜ ಎಂದು ವಿಷಯ ಬಲ್ಲವರೊಬ್ಬರು ಹೇಳಲಿ ಎನ್ನುವುದರ ಹೊರತು ಬೇರೆ ಆಸೆ ಇರಲಿಲ್ಲ.

ಪ್ರೊಫೆಸರು ಚಿತ್ರಗಳನ್ನು ಮನಸಾರೆ ಹೊಗಳಿದರು. ಆಮೇಲೆ, ಚಿತ್ರ ಪುರಾವೆಯಲ್ಲ, ಕೈ ಮನಸ್ಸಿಗೆ ಬೇಕಾದ್ದನ್ನು ಬರೆಯುತ್ತದೆ, ಬೆರಳು ಇಲ್ಲವೆಂಬುದನ್ನು ನಮ್ಮ ವಿಭಾಗವೇ ಪರೀಕ್ಷಿಸಬೇಕು ಎಂದರು. ಭಾನುವಾರ ರಂಗಪ್ಪ ಬರುತ್ತಾನೆ ಎಂದೂ ಹೇಳಿದರು. ಮೇಷ್ಟ್ರಿಗೆ ಸಂತೋಷವಾಗಿ, ಅಲ್ಲೇ ಒಂದು ನಕ್ಷೆ ಬರೆದುಕೊಟ್ಟರು. ಗುಬ್ಬಿ ಬಸ್‌ಸ್ಟ್ಯಾಂಡಿನಿಂದ ಶಾಲೆ, ಶಾಲೆಯಿಂದ ಮರ, ಮರದಲ್ಲಿ ಅದು ಯಾವ ರೆಂಬೆಗೆ ಎಷ್ಟು ಗಂಟೆಗೆ ಬರುತ್ತದೆ. ಅವರು ಮೆಟ್ಟಿಲಿಳಿದ ಮೇಲೆ ಪ್ರೊಫೆಸರು ನನಗೆ ಸಣ್ಣ ತೋಟಾ ತೆಗೆದುಕೊಂಡು ಹೋಗು ಎಂದರು. ಪರೀಕ್ಷೆ ಎಂದರೆ ಹೊಡೆಯುವುದು ಎಂದು ಮೇಷ್ಟ್ರಿಗೆ ಹೊಳೆದಿಲ್ಲವೆಂದು ನನಗೆ ಗೊತ್ತಿತ್ತು. ಹೇಳುವುದು ನನ್ನ ಕೆಲಸವಲ್ಲ ಎಂದುಕೊಂಡೆ.

ಭಾನುವಾರ ಮೊದಲ ಬಸ್ಸಿಗೆ ಹೋದೆ. ಮೇಷ್ಟ್ರು ಬರುವ ಮೊದಲೇ ಮುಗಿಸಿಬಿಡುವ ಉಪಾಯ. ಮನುಷ್ಯ ಆಗಲೇ ಶಾಲೆಯ ಜಗುಲಿಯ ಮೇಲೆ ಕೂತಿದ್ದರು, ಪಕ್ಕದಲ್ಲಿ ನನಗೆಂದು ಮನೆಯಿಂದ ತಂದ ಅವರೇಕಾಳು ಉಪ್ಪಿಟ್ಟಿನ ಡಬ್ಬಿ. ಗೋಣಿ ಸುತ್ತಿದ್ದ ನನ್ನ ಬಂದೂಕನ್ನು ನೋಡಿ ಅವರ ಕೈ ಡಬ್ಬಿಯ ಮುಚ್ಚಳದ ಮೇಲೆಯೇ ನಿಂತಿತು.

‘ಇದ್ಯಾಕೆ ಸ್ವಾಮಿ?’

‘ಕೈಯಲ್ಲಿ ಹಿಡಿದು ನೋಡಿದ್ರೇನೇ ಸೈನು ಹಾಕೋದು ಅಂದವ್ರೆ ಮೇಷ್ಟ್ರೇ. ನಮ್ ಡಿಪಾರ್ಟ್‌ಮೆಂಟ್‌ನಲ್ಲಿ ಹಂಗೇ.’

ಅವರು ಬಹಳ ಹೊತ್ತು ಮರದ ಕಡೆ ನೋಡಿದರು. ಬೇಡ ಎಂದಿದ್ದರೆ ನಾನು ವಾಪಸು ಹೋಗುತ್ತಿದ್ದೆ ಎಂದು ಈಗ ಅನ್ನಿಸುತ್ತದೆ. ಈಗ ಅನ್ನಿಸುವುದಕ್ಕೆ ಏನೂ ಖರ್ಚಿಲ್ಲ.

‘ಬೆರಳು ನೋಡಿದ್ಮೇಲೆ ಒಪ್ಕೋತಾರಾ?’ ಎಂದರು.

‘ಖಂಡಿತ ಒಪ್ಕೋತಾರೆ,’ ಎಂದೆ.

ಕಿಟಕಿಯಿಂದ ಹೊಡೆದರೆ ತೀರಾ ಹತ್ತಿರವಾಗಿ ಹಕ್ಕಿ ಪುಡಿಯಾಗುತ್ತದೆ. ಅಂಗಳದಿಂದ ಹೊಡೆಯಬೇಕು. ಅಂಗಳದಿಂದ ಬೆರಳು ಕಾಣುವುದಿಲ್ಲ. ಆದ್ದರಿಂದ ಮೇಷ್ಟ್ರು ಮಾಳಿಗೆ ಹತ್ತಿ, ಕಿಟಕಿಯಲ್ಲಿ ದುರ್ಬೀನು ಹಿಡಿದು ನಿಂತರು. ‘ಚಿಸ್ವೀ’ ಎಂದು ಕೂಗು ಬಂತು. ಎಲೆ ಅಲ್ಲಾಡಿತು. ಅವರು ದುರ್ಬೀನು ಇಳಿಸಿ, ರೆಂಬೆಯ ಕಡೆ ಕೈ ತೋರಿಸಿ, ನನಗೆ ಕೇಳಿಸುವಷ್ಟು ಮಾತ್ರ ಮೆಲ್ಲಗೆ ‘ಅದೇ’ ಎಂದರು.

ಹಕ್ಕಿ ಬಿದ್ದ ಮೇಲೆ ಅವರು ಕೆಳಗಿಳಿದು ಬರಲಿಲ್ಲ. ನಾನು ಶಾಸ್ತ್ರಪ್ರಕಾರ ಅಲ್ಲೇ ಕೂತು, ಜೇಬಿನ ಕಟ್ಟಿನಿಂದ ಒಂದು ಚೀಟಿ ಎಳೆದು, ಗುಬ್ಬಿ ಎಂದು ಬರೆದು, ತಾರೀಖು ಹಾಕಿ, ಕಾಲಿಗೆ ಕಟ್ಟಿದೆ. ಬೆರಳಿಗೋಸ್ಕರವೇ ಬಂದವನು ನಾನು. ಆದರೂ ಸಾವಿರ ಸಲ ಮಾಡಿದ ಕೈ ಸಾವಿರದ ಒಂದನೆಯ ಸಲವೂ ತನ್ನ ಪಾಡಿಗೆ ತಾನು ಮಾಡಿತು. ಕಾಲಿನ ಮೇಲೆ ರಕ್ತ ಸಿಡಿದಿತ್ತು, ನಾನು ಒರೆಸಿಯೂ ನೋಡಲಿಲ್ಲ. ಉಪ್ಪಿಟ್ಟು ತಿಂದೆನೇ ಇಲ್ಲವೇ ನೆನಪಿಲ್ಲ. ತಿಂದಿರಬೇಕು, ಆಗ ನನಗೆ ಹಸಿವು ಜಾಸ್ತಿ.

ಸಂಜೆ ಲ್ಯಾಬಿನಲ್ಲಿ ಕಾಲು ತೊಳೆದಾಗ ಕಂಡಿತು. ಗುಂಡು ತಗುಲಿದ್ದು ಎದೆಗೆ. ಕಾಲನ್ನು ಒಂದೂ ಮುಟ್ಟಿರಲಿಲ್ಲ. ಎಡಗಾಲಿನ ನಡುಬೆರಳಿದ್ದ ಜಾಗದಲ್ಲಿ ಹಳೆಯ ಮೊಂಡು, ಮೇಲೆ ಚರ್ಮ ಬೆಳೆದು ಗಸಗಸೆ ಕಾಳಿನಂತೆ ನುಣ್ಣಗೆ ಗುಂಡಗಾಗಿತ್ತು. ಎಷ್ಟೋ ವರ್ಷದ ಗಾಯ. ಅದರಿಂದ ಒಂದು ಅಂಗುಲ ಕೆಳಗೆ ನನ್ನ ಮುತ್ತಿನಂಥ ಅಕ್ಷರ ನೇತಾಡುತ್ತಿತ್ತು: ‘ಗುಂಡಿನಿಂದ ಕಾಲು ಬೆರಳಿಗೆ ಹಾನಿ.’

ಚೀಟಿ ತಿದ್ದುವಂತಿಲ್ಲ. ಪ್ರೊಫೆಸರಿಗೆ ಬಾಯಿಬಿಟ್ಟು ಹೇಳಬಹುದಿತ್ತು. ಸೋಮವಾರ ಅವರಿಗೆ ನೆಗಡಿ. ಮಂಗಳವಾರ ಪರೀಕ್ಷೆ. ಬುಧವಾರ ನನಗೇ ಧೈರ್ಯ ಬರಲಿಲ್ಲ. ಕಡೆಗೆ ಒಂದು ಸಮಾಧಾನ ಹುಡುಕಿಕೊಂಡೆ. ಅಷ್ಟು ದೊಡ್ಡ ವಿದ್ವಾಂಸರು ಭೂತಗನ್ನಡಿ ಇಟ್ಟುಕೊಂಡಿರುವುದು ಯಾತಕ್ಕೆ? ಕಾಲನ್ನೇ ನೋಡುತ್ತಾರೆ. ಸಭೆ ಬರುವ ಹೊತ್ತಿಗೆ ಚರ್ಮ ಒಣಗಿ, ಕಾಲು ಮುರುಟಿ ಕಡ್ಡಿಯಂತಾಗಿತ್ತು. ಮೊಂಡು ಹಳೆಯದೋ ಹೊಸದೋ ತೊಳೆದ ನನಗೆ ಗೊತ್ತು, ನೋಡಿದವರಿಗೆ ಗೊತ್ತಾಗುವಂತಿರಲಿಲ್ಲ.

ಸಭೆಯ ದಿನ ಹಾಲ್ ತುಂಬಿತ್ತು. ನಂಜುಂಡಯ್ಯನವರು ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು, ಆರು ಚಿತ್ರವನ್ನೂ ಗೋಡೆಗೆ ಸಾಲಾಗಿ ಸಿಕ್ಕಿಸಿ, ಚೆನ್ನಾಗಿ ಓದಿದರು. ಹಕ್ಕಿ ಮರವನ್ನು ಮರೆಯುವುದಿಲ್ಲ ಎನ್ನುವ ಸಾಲನ್ನು ಎರಡು ಸಲ ಓದಿದರು. ಓದಿ ಮುಗಿಸಿ ಪ್ರೊಫೆಸರ ಕಡೆ ತಿರುಗಿದರು. ಪ್ರೊಫೆಸರು ಹತ್ತಿಯಲ್ಲಿ ಸುತ್ತಿದ್ದ ಹಕ್ಕಿಯನ್ನು ಕೈಗೆತ್ತಿಕೊಂಡರು. ಕನ್ನಡಕ ಏರಿಸಿದರು. ಭೂತಗನ್ನಡಿ ತೆಗೆದರು. ತೆಗೆದು, ಚೀಟಿಯನ್ನು ಓದಿದರು.

‘ರಂಗಪ್ಪ, ಇದು ನಿನ್ ಕೈಬರಹ ತಾನೆ?’

‘ಹೌದು ಸಾರ್.’

‘ಹಕ್ಕಿ ಬಿದ್ದ ಜಾಗದಲ್ಲೇ ನೋಡಿ ಬರೆದದ್ದಾ?’

ಇಲ್ಲ ಎನ್ನುವುದು ಎರಡಕ್ಷರದ ಮಾತು. ಅದರ ಬಾಲ ಉದ್ದವಿತ್ತು. ಇದೊಂದು ಚೀಟಿ ಸುಳ್ಳೆಂದರೆ, ಕಪಾಟಿನಲ್ಲಿ ಮಲಗಿದ್ದ ಅಷ್ಟೂ ಹಕ್ಕಿಗಳ ಚೀಟಿಯೂ ಟೀ ಕುಡಿಯುತ್ತ ಬರೆದದ್ದು ಎಂದು ಹೇಳಿದಂತೆ. ಅವರ ಇಪ್ಪತ್ತು ವರ್ಷದ ಸಂಗ್ರಹ ಹಾಳು, ನನ್ನ ಕೆಲಸವೂ ಹಾಳು. ಮನೆಯಲ್ಲಿ ಎರಡು ಸಣ್ಣ ಮಕ್ಕಳಿದ್ದರು. ಇವೆಲ್ಲ ಆಗ ಯೋಚಿಸಿದೆ ಎಂದು ಹೇಳಿಕೊಂಡರೆ ಗೌರವವಾಗಿ ಕಾಣುತ್ತದೆ. ನಿಜ ಹೇಳಬೇಕೆಂದರೆ ಯೋಚಿಸಲಿಲ್ಲ, ಹೆದರಿದೆ.

‘ಹೌದು ಸಾರ್,’ ಎಂದೆ.

ಪ್ರೊಫೆಸರು ಹಕ್ಕಿಯನ್ನು ಮೆಲ್ಲಗೆ ಕೆಳಗಿಟ್ಟರು. ‘ಮೇಷ್ಟ್ರೇ, ನಿಮ್ಮ ಶ್ರದ್ಧೆ ದೊಡ್ಡದು. ಆದರೆ ಈ ಬೆರಳು ಹೋದದ್ದು ಹೋದ ತಿಂಗಳು. ತೆಗೆದವನು ನಮ್ಮ ರಂಗಪ್ಪ,’ ಎಂದರು. ಮುಂದಿನ ಸಾಲಿನಲ್ಲಿದ್ದ ಕುಣಿಗಲ್ಲಿನ ಮೇಷ್ಟ್ರೊಬ್ಬರು ಮೊದಲು ನಕ್ಕರು. ಆಮೇಲೆ ಎಲ್ಲರೂ ನಕ್ಕರು. ದುಷ್ಟ ನಗುವಲ್ಲ, ಮಧ್ಯಾಹ್ನದ ಊಟದ ಹೊತ್ತಿನ ನಗು.

ನಂಜುಂಡಯ್ಯನವರು ನನ್ನ ಕಡೆ ಒಂದು ಸಲ ನೋಡಿದರು. ಸಿಟ್ಟಿನಿಂದಲ್ಲ. ನಾನು ಇನ್ನೂ ಏನೋ ಹೇಳುವವನಿದ್ದೇನೆ, ಸ್ವಲ್ಪ ಕಾಯೋಣ ಎನ್ನುವ ಹಾಗೆ. ಕಾದರು. ಆಮೇಲೆ ಒಂದೊಂದೇ ಚಿತ್ರ ಇಳಿಸಿ, ಸುರುಳಿ ಸುತ್ತಿ, ಕೊಳವೆಗೆ ಹಾಕಿಕೊಂಡು ಊಟಕ್ಕೆ ನಿಲ್ಲದೆ ಹೊರಟುಹೋದರು.

ಆ ದಿನದಿಂದ ನಾನು ಚೀಟಿ ಮೊದಲೇ ಬರೆಯುವುದನ್ನು ಬಿಟ್ಟೆ. ನನ್ನ ಅಕ್ಷರ ಕೆಟ್ಟಿತು. ವಯಸ್ಸಾಯಿತು ಕಣೋ ನಿನಗೆ ಎಂದು ಪ್ರೊಫೆಸರು ಬೇಜಾರು ಮಾಡಿಕೊಂಡರು. ಕೆಲವು ವರ್ಷಕ್ಕೆ ಅವರು ನಿವೃತ್ತರಾದರು, ಮುಂದಿನ ವರ್ಷವೇ ತೀರಿಕೊಂಡರು. ಬಂದೂಕನ್ನು ಕಾಲೇಜು ಪೊಲೀಸಿಗೆ ಒಪ್ಪಿಸಿತು.

ಎಂಬತ್ತರ ದಶಕದ ನಡುವೆ ಹೊಸ ಲೆಕ್ಚರರ್ ಮೇಡಂ ಬಂದರು. ಅವರ ರೀತಿ ಬೇರೆ. ಕೂದಲೆಳೆಯಂಥ ದಾರದ ಬಲೆಯನ್ನು ಮರಗಳ ನಡುವೆ ಕಟ್ಟುವುದು, ಸಿಕ್ಕಿದ ಹಕ್ಕಿಯ ಕಾಲಿಗೆ ನಂಬರಿನ ಉಂಗುರ ತೊಡಿಸುವುದು, ಬಿಟ್ಟುಬಿಡುವುದು. ಬಿಟ್ಟುಬಿಡುವುದಕ್ಕೆ ಹಿಡಿಯುವುದು ಯಾಕೆ ಎಂದು ನಾನು ಮನಸ್ಸಿನಲ್ಲೇ ನಕ್ಕಿದ್ದೆ. ಮೂರನೆಯ ಚಳಿಗಾಲದಲ್ಲಿ, ದೇವರಾಯನದುರ್ಗದ ತಪ್ಪಲಿನಲ್ಲಿ ಮೊದಲ ಚಳಿಗಾಲ ಉಂಗುರ ತೊಡಿಸಿದ್ದ ಮರದಡಿಯೇ, ಅದೇ ನಂಬರಿನ ಉಲಿಯಕ್ಕಿ ಮತ್ತೆ ಸಿಕ್ಕಿತು. ಮೇಡಂ ಅದನ್ನು ನನ್ನ ಅಂಗೈಯಲ್ಲಿಟ್ಟರು. ಅಷ್ಟು ವರ್ಷದಲ್ಲಿ ಆ ಜಾತಿಯ ಹಕ್ಕಿಯನ್ನು ಜೀವಂತವಾಗಿ ನಾನು ಮುಟ್ಟಿದ್ದು ಅದೇ ಮೊದಲು. ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ ಬಡಿತಗಳನ್ನು ಬಿಡಿಬಿಡಿಯಾಗಿ ಎಣಿಸಲಾಗಲಿಲ್ಲ.

‘ನೋಡಿ ರಂಗಪ್ಪನೋರೇ, ಅದೇ ಹಕ್ಕಿ, ಅದೇ ಮರ. ನಮ್ಮ ಕಡೆ ಇದನ್ನ ಇನ್ನೂ ಯಾರೂ ಹೇಳಿರಲಿಕ್ಕಿಲ್ಲ,’ ಎಂದರು ಮೇಡಂ.

ಆ ಭಾನುವಾರ ಗುಬ್ಬಿಗೆ ಹೋದೆ. ನಂಜುಂಡಯ್ಯನವರು ನಿವೃತ್ತರಾಗಿ, ಮನೆಯ ಮುಂದೆ ಅಂಗಡಿಯೊಂದರ ಬೋರ್ಡು ಬರೆಯುತ್ತಿದ್ದರು. ಕುರ್ಚಿ ಹಾಕಿಸಿದರು, ಕಾಫಿ ತರಿಸಿದರು. ನಾನು ಎಲ್ಲವನ್ನೂ ಹೇಳಿದೆ: ಟೀ ಹೊತ್ತಿನ ಚೀಟಿ, ಗಸಗಸೆಯಂಥ ಮೊಂಡು, ಸಭೆಯಲ್ಲಿ ನಾನು ಹೇಳಿದ ಎರಡು ‘ಹೌದು’. ಅವರು ಕುಂಚವನ್ನು ಸೀಮೆಎಣ್ಣೆಯಲ್ಲಿ ಅದ್ದಿ ಅದ್ದಿ ತೊಳೆಯುತ್ತ ಕೇಳಿಸಿಕೊಂಡರು.

‘ಇದನ್ನ ಹೇಳ್ಬೇಕಾಗಿದ್ದು ನಂಗಲ್ಲ ಸ್ವಾಮಿ,’ ಎಂದರು. ‘ನಂಗೆ ಆವತ್ತೇ ಗೊತ್ತಿತ್ತಲ್ಲ. ಗೊತ್ತಿಲ್ದೋರು ಒಂದು ಹಾಲ್ ತುಂಬ ಕೂತಿದ್ರು.’

ಆ ಮರಕ್ಕೆ ಈಗ ಬೇರೆ ಹಕ್ಕಿ ಬರುತ್ತದಾ ಎಂದು ಕೇಳಿದೆ. ಬರುತ್ತಿರಬಹುದು, ತಾನು ಆಮೇಲೆ ಆ ಕಿಟಕಿ ತೆಗೆಯಲಿಲ್ಲ ಎಂದರು. ಬಸ್‌ಸ್ಟ್ಯಾಂಡಿನ ತನಕ ಜೊತೆಗೆ ಬಂದು, ಸೀಟು ಸಿಗುವವರೆಗೂ ನಿಂತಿದ್ದು ಹೋದರು.

ಬಸ್ಸಿನಲ್ಲಿ ಕೂತು, ಆವತ್ತು ಸಭೆಯಲ್ಲಿ ಯಾರು ಯಾರಿದ್ದರು ಎಂದು ನೆನೆಸಿಕೊಂಡೆ. ಪ್ರೊಫೆಸರು ಈಗ ಇಲ್ಲ. ಹೆಸರು ಸಮೇತ ನೆನಪಾದವರು ನಾಲ್ಕೈದು ಜನ. ಮೊದಲು ನಕ್ಕಿದ್ದ ಕುಣಿಗಲ್ಲಿನ ಮೇಷ್ಟ್ರು ಅವರಲ್ಲೊಬ್ಬರು. ಮುಂದಿನ ಭಾನುವಾರ ವಿಳಾಸ ವಿಚಾರಿಸಿಕೊಂಡು ಅವರ ಮನೆಗೆ ಹೋದೆ. ಚಪ್ಪಲಿ ಬಿಟ್ಟು ಒಳಗೆ ಹೋಗಿ, ಕೂರುವ ಮೊದಲೇ ಹೇಳಿಬಿಟ್ಟೆ: ಆವತ್ತು ಆ ಮೇಷ್ಟ್ರು ಹೇಳಿದ್ದು ನಿಜ, ಸುಳ್ಳು ಹೇಳಿದವನು ನಾನು.

ಅವರು ಪೇಪರು ಮಡಿಸಿಟ್ಟು, ಕನ್ನಡಕ ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

‘ಯಾವ ಮೇಷ್ಟ್ರು ಸ್ವಾಮಿ? ಏನ್ ವಿಷಯ?’ ಎಂದರು.

ಕುರ್ಚಿ ಎಳೆದುಕೊಂಡು ಕೂತು, ಮೊದಲಿನಿಂದ ಹೇಳತೊಡಗಿದೆ.